ದುರ್ಬೀನೂ ತೂಗುಗುಂಡೂ

ಜಾವಗಲ್ಲಿನ ನಮ್ಮ ತೆಂಗಿನ ತೋಟದ ಹಿಂಬದಿಯಲ್ಲಿರುವ ದಪ್ಪ ಮಣ್ಣುಗೋಡೆಗೆ ಕಾಗದದ ಗುರಿಯನ್ನಂಟಿಸಿ, ಸಂಜೆಯ ಹೊತ್ತು ಗಾಳಿಕೋವಿಯಿಂದ ಲಕ್ಷ್ಯಭೇದದ ಅಭ್ಯಾಸ ಮಾಡುವುದು, ಅಧ್ಯಾಪಕವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಹಿಡಿದ ಹವ್ಯಾಸ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲವೆಂಬುದನ್ನೂ, ಅಲ್ಲಿಯ ಗುರಿಯ ನಡುಬಿಂದುವು ಅರ್ಧ ಮಿಲಿಮೀಟರಿನಷ್ಟೇ ಎಂಬುದನ್ನೂ ನೆನೆದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಆದರೆ ಮಂಜಾದ ನನ್ನ ಕಣ್ಣಿಗೆ ದುರ್ಬೀನು ಅನಿವಾರ್ಯವಾಯಿತು. ಪಟ್ಟಣದ ಅಂಗಡಿಯೊಂದರಲ್ಲಿ ಅದನ್ನು ಕೋವಿಯ ಮೇಲೆ ಕೂರಿಸಿಕೊಂಡು ಬಂದೆನು.

10 ಮೀಟರಿನಲ್ಲಿ ಗುಂಡು ನಡುವಿಗೇ ಬೀಳುತ್ತಿತ್ತು. 30 ಮೀಟರಿಗೆ ಸರಿದೊಡನೆ ಬೆರಳಗಲ ಬಲಕ್ಕೆ ಹೋಗುತ್ತಿತ್ತು. ದುರ್ಬೀನಿನ ತಿರುಪನ್ನು ತಿರುಗಿಸಿ ಅಲ್ಲಿ ಸರಿಪಡಿಸಿದರೆ ಇಲ್ಲಿ ಎಡಕ್ಕೆ! ಕೈಯ ನಡುಕವೆಂದುಕೊಂಡು ತಿಂಗಳುಗಟ್ಟಲೆ ನೊಂದೆನು.

ತೋಟದ ತೊಟ್ಟಿ ಕಟ್ಟಲು ಬಂದಿದ್ದ ವೃದ್ಧ ಮೇಸ್ತ್ರಿಯೊಬ್ಬರು ನನ್ನ ಪರದಾಟವನ್ನು ನೋಡಿ, “ಗ್ವಾಡೆ ಸೊಟ್ಟಕಿದ್ರೆ ಕಿಟಕೀನ ಅತ್ಲಾಗೆ ಇತ್ಲಾಗೆ ಸರಿಸಿ ಏನ್ ಪ್ರಯೋಜ್ನ, ಮೇಷ್ಟ್ರೆ?” ಎಂದು ತಮ್ಮ ತೂಗುಗುಂಡನ್ನು ನನ್ನ ಕೈಗಿತ್ತರು. ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯವನ್ನು 13ನೆಯ ಶತಮಾನದಲ್ಲಿ ಕಟ್ಟಿದ ಹೊಯ್ಸಳ ಶಿಲ್ಪಿಗಳ ಸಂತತಿಗೆ ಸಲ್ಲುವ ಮಾತದು.

ಆಗ ನನಗೆ ಹೊಳೆಯಿತು: ದೋಷವು ದುರ್ಬೀನಿನೊಳಗಣ, ಅಡ್ಡಗೆರೆಯೂ ಲಂಬಗೆರೆಯೂ ಸೇರಿದ ಕೂಡುಗೆರೆ ವಾಲಿದ್ದುದರಲ್ಲಿತ್ತು. ದುರ್ಬೀನು ನಳಿಕೆಗಿಂತ ಮೂರು ನಾಲ್ಕು ಬೆರಳು ಮೇಲಿರುವುದರಿಂದ, ಕೂಡುಗೆರೆಯನ್ನು ನೆಟ್ಟಗೆ ಕಾಣುವಂತೆ ಹಿಡಿದಾಗ ಕೋವಿಯೇ ಓರೆಯಾಗಿ, ನಳಿಕೆಯು ಎಡಕ್ಕೆ ಸರಿದು ನಿಲ್ಲುತ್ತಿತ್ತು. ದೃಷ್ಟಿರೇಖೆಯೂ ಗುಂಡಿನ ಪಥವೂ ಒಂದೇ ಒಂದು ದೂರದಲ್ಲಿ ಸಂಧಿಸಿ, ಅದರಾಚೆಗೆ ಗುಂಡು ಬಲಕ್ಕೆ ಹಾಯುತ್ತಿತ್ತು. ತಿರುಪಿನಿಂದ ಆ ಸಂಧಿಯನ್ನು ಹಿಂದುಮುಂದಾಗಿಸಬಹುದಲ್ಲದೆ ಓರೆಯನ್ನು ತಿದ್ದಲಾಗದು.

ಮರುದಿನ ಕೋವಿಯನ್ನು ಬರಿದುಮಾಡಿ, ಮರಳಚೀಲದ ಮೇಲೆ ಕದಲದಂತೆ ಮಲಗಿಸಿ, ಅದರ ಬೆನ್ನಿಗಿಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬಂದ ಬಳಿಕ, ಗೋಡೆಯ ಮುಂದೆ ತೂಗುಗುಂಡನ್ನು ಇಳಿಬಿಟ್ಟೆನು. ಗಾಳಿಯಿಲ್ಲದ ಮುಂಜಾವು, ದಾರ ನಿಶ್ಚಲವಾಗಿತ್ತು. ದುರ್ಬೀನನ್ನು ಕೋವಿಗೆ ಬಿಗಿದಿಡುವ ಬಳೆಗಳ ತಿರುಪುಗಳನ್ನು ಸಡಿಲಿಸಿ, ಕಣ್ಣಿಗೆ ಪೂರ್ಣವೃತ್ತವು ಕಾಣುವಷ್ಟು, ಸುಮಾರು 3 ಅಂಗುಲ ದೂರವನ್ನು ಕಾಯ್ದುಕೊಂಡು, ಲಂಬಗೆರೆಯು ದಾರದೊಡನೆ ಒಂದಾಗುವವರೆಗೆ ದುರ್ಬೀನನ್ನು ಮೆಲ್ಲನೆ ಹೊರಳಿಸಿದೆನು. ಬಿಗಿಯುವಾಗ ಒಂದೇ ತಿರುಪನ್ನು ಕೊನೆಮುಟ್ಟ ಬಿಗಿದರೆ ದುರ್ಬೀನಿನ ಕೊಳವೆಯು ಮತ್ತೆ ಹೊರಳುತ್ತದೆ. ಆದಕಾರಣ ಎದುರುಬದುರಿನವನ್ನು ಕಾಲು ಸುತ್ತಿನಂತೆ ಸರದಿಯಲ್ಲಿ ಬಿಗಿದು, ನಡುನಡುವೆ ದಾರವನ್ನು ನೋಡಿದೆನು. ಸ್ಪ್ರಿಂಗಿನ ಗಾಳಿಕೋವಿಯು ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ, ಆ ಎರಡು ಬಗೆಯ ಆಘಾತವನ್ನು ತಾಳಬಲ್ಲ ದುರ್ಬೀನನ್ನೇ ಕೊಳ್ಳಬೇಕೆಂಬುದನ್ನೂ ಇಲ್ಲಿ ಹೇಳಬೇಕು.

ಇಡೀ ಮುಂಜಾವು ಇದಕ್ಕೇ ಕಳೆಯಿತು. ಸಂಜೆ 10 ಮೀಟರಿನಲ್ಲೂ 30 ಮೀಟರಿನಲ್ಲೂ ಗುಂಡು ಒಂದೇ ಲಂಬರೇಖೆಯ ಮೇಲೆ ಬಿದ್ದಿತು. ಮೇಸ್ತ್ರಿಗಳು ತೂಗುಗುಂಡನ್ನು ಮರಳಿ ಪಡೆಯಲಿಲ್ಲ. ಅದು ಈಗಲೂ ನಮ್ಮ ತೋಟದ ಮನೆಯ ಮೊಳೆಯಲ್ಲಿ ತೂಗುತ್ತಿದೆ.