ಅಗೆಯದೆ ಸಿಗುವ ನಿಧಿ: ಸುರಪುರ ಸೀಮೆಯ ರಂಗಂಪೇಟೆಯಲ್ಲಿ ನಿಮ್ಮ ಮೊದಲ ಜಿಯೋಕ್ಯಾಶ್

ಸುರಪುರ ಸೀಮೆಯಲ್ಲಿ ‘ನಿಧಿ’ ಎಂದರೆ ಸಾಕು, ಹಿರಿಯರ ಹುಬ್ಬು ಮೇಲೇರುತ್ತದೆ. ನಾಯಕ ಅರಸರು ಆಳಿದ ನೆಲ. ಗುಡ್ಡದ ಮೇಲೆ ಕೋಟೆ, ಊರಾಚೆ ಹಾಳುಗುಡಿ. ಇಂಥ ಕಡೆ ರಾತ್ರೋರಾತ್ರಿ ಹಾರೆ, ಗುದ್ದಲಿ ಹಿಡಿದು ಬರುವ ನಿಧಿಗಳ್ಳರ ಕಥೆ ಯಾರಿಗೆ ಗೊತ್ತಿಲ್ಲ? ಇಲ್ಲಿ ಹೇಳಹೊರಟಿರುವ ನಿಧಿ ಬೇರೆ. ಅದರಲ್ಲಿ ಬಂಗಾರವಿಲ್ಲ, ಅದಕ್ಕಾಗಿ ನೆಲ ಅಗೆಯುವಂತಿಲ್ಲ, ಅದು ಎಲ್ಲಿದೆಯೆಂಬುದನ್ನು ಅಡಗಿಸಿಟ್ಟವರೇ ಲೋಕಕ್ಕೆಲ್ಲ ಸಾರುತ್ತಾರೆ. ಅದರ ಹೆಸರು ಜಿಯೋಕ್ಯಾಶ್.

ಒಬ್ಬರು ಡಬ್ಬಿ ಅಡಗಿಸಿಟ್ಟು ಜಾಗದ ಜಿಪಿಎಸ್ ಅಂಕಿ ಪ್ರಕಟಿಸುವುದು, ಉಳಿದವರು ಅದನ್ನು ಹುಡುಕಿ ಒಳಗಿನ ಪುಸ್ತಕದಲ್ಲಿ ಸಹಿ ಹಾಕುವುದು: ಇದೇ ಆಟ. ಈ ಆಟ ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿತ್ತು. ಆ ಮಸುಕು ತೆಗೆದ ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಬಕೆಟ್ಟೊಂದನ್ನು ಇಟ್ಟು, ಅದರ ಅಕ್ಷಾಂಶ–ರೇಖಾಂಶವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರುವಾಯಿತು. ಇಂದು ಜಗತ್ತಿನಾದ್ಯಂತ ಇಂಥ ಲಕ್ಷಾಂತರ ಡಬ್ಬಿಗಳಿವೆ. ನಿಮ್ಮದೂ ಒಂದು ಇರಲಿ ಎಂದಾದರೆ ಹೀಗೆ ಮಾಡಿ.

1. ಮೊದಲು ಹುಡುಕಿ, ಆಮೇಲೆ ಅಡಗಿಸಿ

ಆ ಜಾಲತಾಣದಲ್ಲಿ ಉಚಿತ ಖಾತೆ ತೆರೆದು, ಅದರ ಆ್ಯಪ್ ಇಳಿಸಿಕೊಳ್ಳಿ. ಸ್ವಂತ ಡಬ್ಬಿ ಇಡುವ ಮುನ್ನ ಕನಿಷ್ಠ 20 ಡಬ್ಬಿಗಳನ್ನಾದರೂ ಹುಡುಕಿ ಎಂಬುದು ಆಟದವರ ಸಲಹೆ. ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ ಸುತ್ತಮುತ್ತ ಏನಿದೆಯೆಂದು ನೋಡಿ. ನಾಲ್ಕಾರು ಸಿಕ್ಕರೂ ಯಾವ ಡಬ್ಬಿ ಮಳೆ ತಡೆಯುತ್ತದೆ, ಯಾವ ಜಾಗ ಬೇಸರ ತರಿಸುತ್ತದೆ ಎಂಬುದು ಕೈಗೆ ತಿಳಿಯುತ್ತದೆ.

2. ಜಾಗ: ಎಲ್ಲಿ ಬೇಡ ಎಂಬುದೇ ಮುಖ್ಯ

ಕೋಟೆಗೋಡೆಯ ಸಂದು, ಗುಡಿ, ದರ್ಗಾ, ಹಳೆಯ ಗೋರಿ, ರಾಜನಕೋಳೂರಿನ ಬೃಹತ್ ಶಿಲಾಯುಗದ ಕಲ್ಗೋರಿಗಳು ಇವೆಲ್ಲ ಬೇಡವೇ ಬೇಡ. ನೀವು ಇಟ್ಟದ್ದು ಬರೀ ಡಬ್ಬಿ; ಆದರೆ ಅಲ್ಲಿ ಯಾರೋ ಕಲ್ಲು ಸರಿಸಿ ಹುಡುಕುವುದನ್ನು ಕಂಡವರಿಗೆ ನೆನಪಾಗುವುದು ನಿಧಿಗಳ್ಳರೇ. ಹುಡುಕುವವರೂ ಒಂದೊಂದು ಕಲ್ಲು ಕಿತ್ತರೆ ಪುರಾತನ ಗೋಡೆಯ ಗತಿಯೇನು? ಶಾಲೆ, ಪೊಲೀಸ್ ಠಾಣೆ, ರೈಲುಹಳಿ, ಸೇತುವೆಗಳ ಪಕ್ಕವೂ ಬೇಡ. ನಾರಾಯಣಪುರ ಜಲಾಶಯದ ಕಟ್ಟೆಯ ಹತ್ತಿರವಂತೂ ಸುಳಿಯಬೇಡಿ. ಬೋನಾಳ ಪಕ್ಷಿಧಾಮದಂಥ ಕಡೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಏನನ್ನೂ ಇಡುವಂತಿಲ್ಲ.

ಹಾಗಾದರೆ ಎಲ್ಲಿ? ಮೊದಲ ಡಬ್ಬಿಗೆ ಪರಿಚಿತರ ಜಾಗವೇ ಲೇಸು: ಕಾಕಾನ ಹೊಲದ ಬದುವಿನ ಬೇವಿನ ಮರ, ರಸ್ತೆಗೆ ತಾಗಿದ ತೋಟದ ಬೇಲಿಗೂಟ, ಪೇಟೆಯಲ್ಲಿ ನಿಮ್ಮವರದೇ ಅಂಗಡಿಯ ಜಗಲಿ. ಜಾಗದ ಒಡೆಯರಿಗೆ ಪೂರ್ತಿ ವಿಷಯ ಹೇಳಿ ಒಪ್ಪಿಗೆ ಪಡೆಯಿರಿ. “ಗುರುತಿಲ್ಲದವರು ಬಂದು ಐದು ನಿಮಿಷ ಹುಡುಕಿ ಹೋಗ್ತಾರ್ರೀ, ಏನೂ ಒಯ್ಯಂಗಿಲ್ಲ” ಎಂದು ಮೊದಲೇ ತಿಳಿಸಿದರೆ ಮುಂದೆ ತಕರಾರಿಲ್ಲ. ಅಕ್ಕಪಕ್ಕದ ಮನೆಯವರ ಕಿವಿಗೂ ಹಾಕಿರಿ.

ಇನ್ನೆರಡು ನಿಯಮ. ಬೇರೆಯವರ ಡಬ್ಬಿಯಿಂದ ನಿಮ್ಮದು ಕನಿಷ್ಠ 161 ಮೀಟರ್ ದೂರವಿರಬೇಕು. ಡಬ್ಬಿ ಇಡಲು ಗುಂಡಿ ತೋಡಬಾರದು. ಬೇಸಿಗೆಯಲ್ಲಿ ಬಿರಿಯುವ ಎರೆಹೊಲದ ಬಿರುಕು ನೋಡಿ ಆಸೆಪಡಬೇಡಿ. ಮೊದಲ ಮಳೆಗೆ ಆ ಬಿರುಕು ಬಾಯಿ ಮುಚ್ಚಿಕೊಳ್ಳುತ್ತದೆ.

3. ಡಬ್ಬಿ: ಸ್ಟೀಲಿನದು ಬೇಡ

ಮನೆಯಲ್ಲಿ ಹಳೆಯ ಟಿಫಿನ್ ಡಬ್ಬಿ ಇದೆಯಲ್ಲ ಎನ್ನಬೇಡಿ. ವಾರಸುದಾರರಿಲ್ಲದ ಟಿಫಿನ್ ಡಬ್ಬಿ ಕಂಡರೆ ನಮ್ಮ ಜನ ಬಾಂಬಿರಬಹುದೆಂದು ಪೊಲೀಸರಿಗೆ ಫೋನ್ ಮಾಡುತ್ತಾರೆ, ಮಾಡಬೇಕಾದದ್ದೂ ಅದನ್ನೇ. ಒಳಗಿರುವುದು ಹೊರಗೆ ಕಾಣುವ, ನಾಲ್ಕೂ ಕಡೆ ಕ್ಲಿಪ್ ಇರುವ, ಮುಚ್ಚಳದಲ್ಲಿ ರಬ್ಬರ್ ಸುತ್ತಿರುವ ಪ್ಲಾಸ್ಟಿಕ್ ಡಬ್ಬಿ ಕೊಳ್ಳಿ. ಅರ್ಧ ಲೀಟರಿನದು ಸಾಕು. ಆಟದ ಲೆಕ್ಕದಲ್ಲಿ 100 ಮಿಲಿಲೀಟರಿನಿಂದ 1 ಲೀಟರ್‌ವರೆಗಿನದು ‘ಸಣ್ಣ’ ಗಾತ್ರ. ನೀರು ತುಂಬಿದ ಬಕೆಟ್ಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಒಳಗೆ ಹನಿಯಿದೆಯೇ ನೋಡಿ. ಹೊರಗೆ “ಇದು ಜಿಯೋಕ್ಯಾಶ್ ಆಟದ ಡಬ್ಬಿ, ಅಪಾಯವಿಲ್ಲ” ಎಂದು ಅಳಿಸದ ಮಾರ್ಕರಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ.

ಒಳಗೆ ಜಿಪ್ ಚೀಲದಲ್ಲಿ ಸಹಿಪುಸ್ತಕ ಮತ್ತು ಪೆನ್ಸಿಲ್. ಪೆನ್ ಬೇಡ, ನಮ್ಮ ಬಿಸಿಲಿಗೆ ಶಾಯಿ ಒಣಗುತ್ತದೆ. ಜೊತೆಗೆ ಗೋಲಿ, ಬಳೆ, ಕೀಚೈನಿನಂಥ ಕಿರುಸಾಮಾನು ಇಡಬಹುದು. ಒಂದು ತೆಗೆದುಕೊಂಡವರು ಅದಕ್ಕೆ ಸಮನಾದದ್ದನ್ನು ಬಿಟ್ಟುಹೋಗುವುದು ಪದ್ಧತಿ. ತಿನಿಸು, ಬೆಂಕಿಪೊಟ್ಟಣ, ಚಾಕು, ಮದ್ಯ ನಿಷಿದ್ಧ. ಇರುವೆಗೂ ಮಂಗಕ್ಕೂ ಚಾಕಲೇಟಿನ ವಾಸನೆ ಜಿಪಿಎಸ್ಸಿಗಿಂತ ಬೇಗ ದಾರಿ ತೋರಿಸುತ್ತದೆ.

ಡಬ್ಬಿ ನೆರಳಿನಲ್ಲಿರಲಿ, ಎದೆಯ ಎತ್ತರದಲ್ಲಿರಲಿ. ಬಂಡೆಗಳ ಬುಡದ ಪೊಟರೆಯಲ್ಲಿ ಇಡಬೇಡಿ, ಅಲ್ಲಿ ಚೇಳು, ಹಾವು ಮೊದಲೇ ಮನೆ ಮಾಡಿರಬಹುದು.

4. ಅಳತೆ: ಒಂದು ಸಲಕ್ಕೆ ನಂಬಬೇಡಿ

ಜಿಯೋಕ್ಯಾಶಿನ ಅಂಕಿಗಳು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿರುತ್ತವೆ. ಫೋನಿನ ನಕ್ಷೆ ತೋರಿಸುವುದು ಸಾಮಾನ್ಯವಾಗಿ ದಶಮಾಂಶ ಡಿಗ್ರಿ. ಬದಲಿಸುವುದು ಸುಲಭ: ಚುಕ್ಕೆಯ ನಂತರದ ಭಾಗವನ್ನು 60ರಿಂದ ಗುಣಿಸಿ. ಸುರಪುರ ಸುಮಾರು ಉತ್ತರ 16.52, ಪೂರ್ವ 76.76 ಡಿಗ್ರಿಯಲ್ಲಿದೆ. 0.52 × 60 = 31.2, 0.76 × 60 = 45.6. ಅಂದರೆ ಉತ್ತರ 16° 31.200, ಪೂರ್ವ 76° 45.600. ಕೊನೆಯ ಅಂಕಿ ಒಂದು ಹೆಚ್ಚುಕಡಿಮೆಯಾದರೆ ನೆಲದಲ್ಲಿ ಎರಡು ಮೀಟರಿನ ಹತ್ತಿರ ವ್ಯತ್ಯಾಸ. ಹಾಗಾಗಿ ಮೂರು ಸ್ಥಾನದವರೆಗೆ ಬರೆಯಲೇಬೇಕು.

ಫೋನನ್ನು ಡಬ್ಬಿಯ ಮೇಲಿಟ್ಟು ಎರಡು ನಿಮಿಷ ಕಾದು ಅಂಕಿ ಬರೆದುಕೊಳ್ಳಿ. ನೂರು ಹೆಜ್ಜೆ ದೂರ ಹೋಗಿ, ಬೇರೆ ದಿಕ್ಕಿನಿಂದ ಮರಳಿ ಮತ್ತೊಮ್ಮೆ. ಬೇರೆ ದಿನ ಇನ್ನೊಮ್ಮೆ. ಮೂರು ಸಲಕ್ಕೆ 31.198, 31.203, 31.199 ಬಂದರೆ ಸರಾಸರಿ 31.200. ಪೂರ್ವದ ಅಂಕಿಗೂ ಹೀಗೇ. ಸುರಪುರದ ಹೆಬ್ಬಂಡೆಗಳ ನಡುವೆ ಸಂಕೇತ ಬಡಿದು ಚದುರುವುದರಿಂದ ಅಲ್ಲಿ ಇನ್ನೂ ಹೆಚ್ಚು ಸಲ ಅಳೆಯಿರಿ. ಕೊನೆಗೆ, ಜಾಗ ಗೊತ್ತಿಲ್ಲದ ಗೆಳೆಯರ ಕೈಗೆ ಬರೀ ಅಂಕಿ ಕೊಟ್ಟು ಕಳಿಸಿ. ಅವರು ಮುಟ್ಟಿದರೆ ಅಳತೆ ಸರಿ.

5. ಪುಟ ಬರೆಯುವುದು

ಜಾಲತಾಣದಲ್ಲಿ ಹೊಸ ಪುಟ ತೆರೆದಾಗ ‘ಜಿಸಿ’ಯಿಂದ ಶುರುವಾಗುವ ಸಂಖ್ಯೆ ಸಿಗುತ್ತದೆ. ಬಗೆ ‘ಟ್ರೆಡಿಷನಲ್’ ಆಯ್ದುಕೊಳ್ಳಿ. ಒಂದೇ ಡಬ್ಬಿ, ಕೊಟ್ಟ ಜಾಗದಲ್ಲೇ ಇರುವಂಥದು. ಹುಡುಕುವ ಕಷ್ಟಕ್ಕೂ ದಾರಿಯ ಕಷ್ಟಕ್ಕೂ 1ರಿಂದ 5ರವರೆಗೆ, ಅರ್ಧರ್ಧ ಏರುತ್ತ, ಬೇರೆಬೇರೆ ಅಂಕ ಕೊಡಬೇಕು. ದಾರಿಗೆ 1 ಎಂದರೆ ಗಾಲಿಕುರ್ಚಿಯಲ್ಲೂ ಹೋಗಬಹುದು ಎಂದರ್ಥ. ಹೊಲದ ಬದುವಿಗೆ ಅದು ಸಲ್ಲದು.

ವಿವರಣೆ ಕನ್ನಡದಲ್ಲಿರಲಿ, ಕೆಳಗೆ ಇಂಗ್ಲಿಷ್ ಇರಲಿ. ಡಬ್ಬಿ ಇಡಬಾರದ ಜಾಗಗಳ ಕಥೆಗೆ ಇಲ್ಲಿ ಅಡ್ಡಿಯಿಲ್ಲ. 1841ರಲ್ಲಿ ಸುರಪುರಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್, 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ರಾಜಾ ವೆಂಕಟಪ್ಪ ನಾಯಕ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಇವನ್ನು ನಾಲ್ಕು ಸಾಲಿನಲ್ಲಿ ಹೇಳಿದರೆ ಬಂದವರು ಡಬ್ಬಿ ಸಿಕ್ಕ ಮೇಲೂ ಊರು ಸುತ್ತುತ್ತಾರೆ. ಬೈಕ್ ಎಲ್ಲಿ ನಿಲ್ಲಿಸಬೇಕು, ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಎಷ್ಟು ಮೆತ್ತುತ್ತದೆ ಎಂಬುದನ್ನೂ ತಿಳಿಸಿ.

6. ಪರಿಶೀಲನೆ

‘ಸಲ್ಲಿಸು’ ಒತ್ತಿದ ಕೂಡಲೇ ಪುಟ ಪ್ರಕಟವಾಗದು. ಆಟದ ಸ್ವಯಂಸೇವಕ ಪರಿಶೀಲಕರು ಮೊದಲು ನೋಡುತ್ತಾರೆ. ಸಾಮಾನ್ಯವಾಗಿ ಏಳು ದಿನದೊಳಗೆ ಉತ್ತರ ಬರುತ್ತದೆ. ಅವರಿಗೆ ಮಾತ್ರ ಕಾಣುವ ಟಿಪ್ಪಣಿಯಲ್ಲಿ ಯಾರ ಜಾಗ, ಒಪ್ಪಿಗೆ ಹೇಗೆ ಸಿಕ್ಕಿತು, ಡಬ್ಬಿ ಹೇಗಿದೆ ಎಂದು ಬರೆದು ಫೋಟೊ ಹಾಕಿ. ಪ್ರಶ್ನೆ ಕೇಳಿದರೆ ಅದು ತಿರಸ್ಕಾರವಲ್ಲ. ಅದೇ ಪುಟದಲ್ಲಿ ಉತ್ತರಿಸಿ. ಡಬ್ಬಿ ಮಾತ್ರ ಸಲ್ಲಿಸುವ ಮುನ್ನವೇ ಜಾಗದಲ್ಲಿರಬೇಕು.

7. ಕಾಯುವುದು

ಬೆಂಗಳೂರಿನಿಂದ ಜಾತ್ರೆಗೆ ಬಂದವರು ಡಬ್ಬಿ ಇಟ್ಟು ಮರಳಿ ಹೋದರೆ ನಡೆಯದು, ನೋಡಿಕೊಳ್ಳುವವರು ಊರಲ್ಲಿರಬೇಕು. “ಸಿಗಲಿಲ್ಲ” ಎಂಬ ದಾಖಲೆ ಮೇಲಿಂದ ಮೇಲೆ ಬಂದರೆ ಹೋಗಿ ನೋಡಿ. ಡಬ್ಬಿ ಕಳೆದಿದ್ದರೆ ಪುಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹೊಸದಿಟ್ಟು ಮತ್ತೆ ಚಾಲೂ ಮಾಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆ ಮುಗಿದ ಮೇಲೆ ಒಮ್ಮೆ ತಪ್ಪದೆ ತೆರೆದು ಒರೆಸಿ, ರಬ್ಬರ್ ಸಡಿಲವಾಗಿದೆಯೇ ನೋಡಿ.

ಹಾಗೆ ಹೋದಾಗ ದನ ಕಾಯುವವರು ಯಾರಾದರೂ “ಏನ್ರೀ, ಏನ್ ಹುಡುಕ್ಲಕತ್ತೀರಿ?” ಎಂದು ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡಿ. ಡಬ್ಬಿ ತೆರೆದು ತೋರಿಸಿ, ಪೆನ್ಸಿಲ್ ಕೊಟ್ಟು ಅವರ ಹೆಸರನ್ನೂ ಬರೆಸಿ. ಆಮೇಲೆ ನೀವು ಬಾರದ ದಿನಗಳಲ್ಲೂ ಆ ಬೇವಿನ ಮರದ ಕಡೆ ಒಂದು ಕಣ್ಣಿರುತ್ತದೆ.