ರಾಶಿ ಮತ್ತು ತೂಕ: ಒಬ್ಬ ಹೆವಿವೇಟ್ ಪಟುವಿನ ಉದಾಹರಣೆ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಗುರುತ್ವಾಕರ್ಷಣೆ
ಸ್ಥಳ: ಬೆಳಗೋಡು

ಹಿನ್ನೆಲೆ: ಹಿಂದಿನ ಪಾಠದಲ್ಲಿ ತರಗತಿಯ ದಪ್ಪನೆಯ ಹುಡುಗನೊಬ್ಬನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಮಕ್ಕಳು ನಕ್ಕರು. ಮರುದಿನ ಅವನು ಕೊನೆಯ ಬೆಂಚಿಗೆ ಹೋಗಿದ್ದ. ತಪ್ಪು ನನ್ನದು. ಅದೇ ಪರಿಕಲ್ಪನೆಗೆ ಬೇರೆ ಉದಾಹರಣೆ ಹುಡುಕಿದೆ.

ಪಾಠದ ಬೆಳವಣಿಗೆ: ಅರ್ಜನ್ ಭುಲ್ಲರ್ ಪಂಜಾಬಿ ಮೂಲದ ಕೆನಡಾದ ಕುಸ್ತಿಪಟು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 120 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪದಕ ಸಿಗಲಿಲ್ಲ. ಬಳಿಕ ಕುಸ್ತಿ, ಬಾಕ್ಸಿಂಗ್ ಎರಡೂ ಬೆರೆತ ಮಿಶ್ರ ಸಮರ ಕಲೆಗೆ ಬಂದು, 2021ರಲ್ಲಿ ಬ್ರ್ಯಾಂಡನ್ ವೆರಾ ಅವರನ್ನು ಸೋಲಿಸಿ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯ ಹೆವಿವೇಟ್ ಪಟ್ಟ ಪಡೆದರು. 2023ರಲ್ಲಿ ಅನತೋಲಿ ಮಲಿಖಿನ್ ಎದುರು ಸೋತರು.

ಪ್ರಶ್ನೆಗಳು:
1. 'ತೂಕದ ವಿಭಾಗ' ಎನ್ನುತ್ತೇವೆ, ಏಕಮಾನ ಕಿಲೋಗ್ರಾಂ. ಇದು ರಾಶಿಯೋ, ತೂಕವೋ? (ರಾಶಿ)
2. 120 ಕೆ.ಜಿ. ರಾಶಿಯ ತೂಕ ಎಷ್ಟು? (120 × 9.8 = 1176 ನ್ಯೂಟನ್. ಚಂದ್ರನ ಮೇಲೆ ಸುಮಾರು ಆರನೇ ಒಂದು ಭಾಗ, 196 ನ್ಯೂಟನ್. ರಾಶಿ ಮಾತ್ರ 120 ಕೆ.ಜಿ.ಯೇ.)
3. ಎದುರಾಳಿಯೂ ಅದೇ ವಿಭಾಗದವನು. ಹಾಗಾದರೆ ಗೆಲ್ಲಿಸುವುದು ಯಾವುದು?

ಅವಲೋಕನ: ಮೂರನೆಯದಕ್ಕೆ "ಪಟ್ಟು ಗೊತ್ತಿರಬೇಕು ಮಿಸ್" ಎಂದವನು ಅದೇ ಹುಡುಗ. ಈ ಸಲ ಯಾರೂ ನಗಲಿಲ್ಲ. ಎರಡನೆಯದರಲ್ಲಿ ಕೆಲವರು ನ್ಯೂಟನ್ ಬದಲು ಕೆ.ಜಿ. ಎಂದೇ ಬರೆದರು. ಸ್ಪ್ರಿಂಗ್ ತಕ್ಕಡಿ ಹಿಡಿದು ಮತ್ತೊಮ್ಮೆ ಕಲಿಸಬೇಕು. ತೂಗಲು ಪುಸ್ತಕದ ಚೀಲ ಸಾಕು. ಮಗುವಿನ ಮೈ ಬೋಧನೋಪಕರಣವಲ್ಲ.