ಎರಡನೇ ಪೈಪಿನ ಲೆಕ್ಕ

ದೊಡ್ಡಬಳ್ಳಾಪುರದ ಹೊರವಲಯದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಖಜಾಂಚಿ. ಬೇರೆ ಯಾರೂ ಒಪ್ಪದ್ದರಿಂದ ನನ್ನ ಕೊರಳಿಗೆ ಬಿದ್ದ ಕೆಲಸ. ಆದರೆ ಸಾಲ ಕೊಡುವಾಗ ಬ್ಯಾಂಕಿನವರು ಹೇಳದ ಎಷ್ಟೋ ಸಂಗತಿ ಸಂಘದ ಖರ್ಚಿನ ಪುಸ್ತಕದಲ್ಲಿ ಸಿಗುತ್ತದೆ.

ಮೊನ್ನೆ ಬಾಮೈದ ಬಂದಿದ್ದ. ಫ್ಲ್ಯಾಟ್ ನೋಡಿದ್ದಾನೆ, ತೆರಿಗೆ ಲೆಕ್ಕ ಬಾಯಿಪಾಠ. ಕೈಗೆಟುಕುವ ಮನೆ ಅನ್ನಿಸಿಕೊಳ್ಳಲು ಬೆಲೆ 45 ಲಕ್ಷ ದಾಟಬಾರದು. ಕಾರ್ಪೆಟ್ ವಿಸ್ತೀರ್ಣ ಮಹಾನಗರದಲ್ಲಿ 60, ಬೇರೆಡೆ 90 ಚದರ ಮೀಟರ್ ಮೀರಬಾರದು. ಆಗ ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಶೇ 1, ಇಲ್ಲವಾದರೆ ಶೇ 5. ಅಂದರೆ 44 ಲಕ್ಷದ ಮನೆಗೆ 44 ಸಾವಿರ, 46 ಲಕ್ಷದ್ದಕ್ಕೆ 2.3 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ್ದೂ ಅವನಿಗೆ ಗೊತ್ತು.

“ಇನ್ನೇನು ನೋಡ್ಬೇಕು ಭಾವ?”

“ನೀರು?”

“ಎರಡು ಬೋರ್ ಇದೆಯಂತೆ. ಮಳೆನೀರು ಕೊಯ್ಲೂ ಇದೆ.”

ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಇಲ್ಲಿ ಬೋರ್ ನಂಬಿ 20 ವರ್ಷದ ಸಾಲ ಮಾಡುವುದು ಧೈರ್ಯವಂತರ ಕೆಲಸ. ಮಳೆನೀರನ್ನೂ ಲೆಕ್ಕ ಹಾಕಿ ನೋಡೋಣ. ಸಾವಿರ ಚದರಡಿ ಚಾವಣಿ, ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಸೋರಿದ್ದು ಕಳೆದರೆ 60 ಸಾವಿರ ಲೀಟರ್ ಹಿಡಿಯಬಹುದು. ನಾಲ್ವರ ಕುಟುಂಬಕ್ಕೆ ತಲಾ 135 ಲೀಟರಿನಂತೆ ತಿಂಗಳಿಗೆ 16 ಸಾವಿರ ಲೀಟರ್ ಬೇಕು. ಒಂಟಿ ಮನೆಯಾದರೆ ಮೂರೂವರೆ ತಿಂಗಳು ಬಂತು. ನಾಲ್ಕಂತಸ್ತಿನ ಕಟ್ಟಡದಲ್ಲಿ ಅದೇ ಚಾವಣಿಗೆ ನಾಲ್ಕು ಮನೆ ಪಾಲುದಾರರು. ತಲಾ ಒಂದು ತಿಂಗಳಿಗೂ ಸಾಲದು. ಬ್ರೋಷರಿನಲ್ಲಿ ಮಾತ್ರ ಮಳೆಹನಿಯ ಚಿತ್ರ ಇಡೀ ಪುಟ ತುಂಬಿರುತ್ತದೆ.

ನಾನು ಅವನಿಗೆ ಕೇಳು ಎಂದಿದ್ದು ಬೇರೆ: ಕಮೋಡಿನ ಫ್ಲಶ್ ತೊಟ್ಟಿಗೆ ಪ್ರತ್ಯೇಕ ಪೈಪು ಇದೆಯಾ? ಆ 135 ಲೀಟರಿನಲ್ಲಿ 45 ಲೀಟರ್ ಫ್ಲಶ್‌ಗೇ ಹೋಗುತ್ತದೆ. ನಾಲ್ವರಿಗೆ ತಿಂಗಳಿಗೆ 5,400 ಲೀಟರ್. ಹೆಚ್ಚುಕಮ್ಮಿ ಒಂದು ಸಣ್ಣ ಟ್ಯಾಂಕರ್. ಕೊಳಚೆ ನೀರಿನ ಘಟಕದಲ್ಲಿ (ಎಸ್‌ಟಿಪಿ) ಶುದ್ಧೀಕರಿಸಿದ ನೀರು ಇದಕ್ಕೆ ಧಾರಾಳ ಸಾಕು. ನಮ್ಮಲ್ಲಿ ಹಿಂದಿನ ಬ್ಲಾಕಿಗೆ ಈ ಪೈಪಿದೆ, ಮುಂದಿನದಕ್ಕಿಲ್ಲ. ಎಸ್‌ಟಿಪಿಯ ಕರೆಂಟು, ಆಪರೇಟರ್ ಸಂಬಳ ಎರಡೂ ಬ್ಲಾಕಿನವರ ಮೇಂಟೆನೆನ್ಸಿನಿಂದಲೇ ಹೋಗುತ್ತದೆ. ಬೇಸಿಗೆ ಬಂದರೆ ಮುಂದಿನ ಬ್ಲಾಕಿನವರು ಒಳ್ಳೆಯ ನೀರನ್ನೇ ದುಡ್ಡು ಕೊಟ್ಟು ತರಿಸಿ ಕಮೋಡಿಗೆ ಸುರಿಯುತ್ತಾರೆ. ಸಭೆಯಲ್ಲಿ ಜಗಳವಾಗದಿದ್ದರೇ ಆಶ್ಚರ್ಯ.

2024ರ ಮಾರ್ಚಿನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ, 5 ಕಿ.ಮೀ. ಒಳಗಾದರೆ, 600 ರೂಪಾಯಿ ನಿಗದಿ ಮಾಡಿತ್ತು. ಆ ದರದಲ್ಲೇ ಫ್ಲಶ್‌ನ ನೀರಿಗೆ ತಿಂಗಳಿಗೆ 540 ರೂಪಾಯಿ. ವರ್ಷವಿಡೀ ಟ್ಯಾಂಕರನ್ನೇ ನಂಬಬೇಕಾಗಿ ಬಂದರೆ, ದರ ಏರದಿದ್ದರೂ 20 ವರ್ಷಕ್ಕೆ 1.3 ಲಕ್ಷ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರ ಬಡ್ಡಿ ಸಹಾಯಧನ ಗರಿಷ್ಠ 1.80 ಲಕ್ಷ. ಅದಕ್ಕಾಗಿ ಆದಾಯ ಪ್ರಮಾಣಪತ್ರ ಹಿಡಿದು ಅಲೆಯುವವರು ಈ ಪೈಪಿನ ಬಗ್ಗೆ ಒಂದು ಮಾತು ಕೇಳುವುದಿಲ್ಲ. ಗೋಡೆ ಎಬ್ಬಿಸುವಾಗ ಅದು ಸಣ್ಣ ಖರ್ಚು. ಆಮೇಲೆಂದರೆ ಪ್ರತಿ ಮನೆಯ ಬಚ್ಚಲಿನ ಟೈಲ್ಸ್ ಒಡೆಯಬೇಕು, ಅದಕ್ಕೆ ಎಲ್ಲರೂ ಒಪ್ಪಬೇಕು.

ಬಾಮೈದ ಬಿಲ್ಡರ್ ಹತ್ತಿರ ಪ್ಲಂಬಿಂಗ್ ನಕ್ಷೆ ಕೇಳಿದ್ದಾನೆ. ಅವರು ಇನ್ನೂ ಕೊಟ್ಟಿಲ್ಲ, ಇವನೂ ಅಡ್ವಾನ್ಸ್ ಕೊಟ್ಟಿಲ್ಲ.